ಕೂಚಿಂಗಿನ ಬೆಕ್ಕು, ಶ್ರೀನಿವಾಸಪುರದ ಮಾವಿನಕಾಯಿ

ಹೊರಡುವ ಮುಂಚೆ

ನಾನು ಜೀವಮಾನವಿಡೀ ಅಳಿಸಿಹೋಗುವ ಚಿತ್ರಗಳನ್ನೇ ಬರೆದವನು. ಮುಳಬಾಗಿಲಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದಾಗ ಕಪ್ಪುಹಲಗೆಯ ಮೇಲೆ ಬಿಡಿಸಿದ ಹೂಜಿ, ಬಾಳೆಗೊನೆ, ನವಿಲುಗಳನ್ನೆಲ್ಲ ಮುಂದಿನ ಪಿರಿಯಡ್ಡಿಗೆ ಬಂದ ಗಣಿತದ ಮೇಷ್ಟ್ರು ಡಸ್ಟರಿನಿಂದ ಒರೆಸಿಹಾಕುತ್ತಿದ್ದರು. ಮಾಲೂರಿನಿಂದ ಜೇಡಿಮಣ್ಣು ತರಿಸಿ ಮಾಡಿದ ಗಣೇಶನ ಮೂರ್ತಿಗಳನ್ನು ಊರಿನವರು ಭಕ್ತಿಯಿಂದ ಒಯ್ದು, ಅದಕ್ಕಿಂತ ಹೆಚ್ಚಿನ ಉತ್ಸಾಹದಿಂದ ಕೆರೆಗೆ ಬಿಡುತ್ತಿದ್ದರು. ಕೆರೆಯಲ್ಲಿ ನೀರಿಲ್ಲದ ವರ್ಷ ಡ್ರಮ್ಮಿಗೆ ಬಿಡುತ್ತಿದ್ದರು. ರಿಟೈರಾಗಿ ಮನೆಯಲ್ಲಿ ಕೂತು ಲೆಕ್ಕ ಹಾಕಿದರೆ, ಇದು ನಾನು ಮಾಡಿದ್ದು ಎಂದು ಬೆರಳು ತೋರಿಸಲು ಊರಿನಲ್ಲಿ ಒಂದು ವಸ್ತುವೂ ಉಳಿದಿರಲಿಲ್ಲ. ಇದರಿಂದ ನನಗೆ ನಿಜವಾಗಿಯೂ ಬೇಜಾರಾಗಿತ್ತು.

ಅಂಥ ಹೊತ್ತಿನಲ್ಲಿ ಖಾದರ್ ಸಾಬರು ಮನೆಗೆ ಬಂದರು. ನಮ್ಮ ಶ್ರೀನಿವಾಸಪುರದಲ್ಲಿ ತಲೆಮಾರುಗಳಿಂದ ಮಾವಿನ ಮಂಡಿ ನಡೆಸುವ ಮನೆತನ ಅವರದು. ಕೂತು, ಕಾಫಿ ಕುಡಿದು, ವಿಷಯಕ್ಕೆ ಬಂದರು.

"ಮೇಷ್ಟ್ರೇ, ಊರಿಗೆ ಬರೋ ರೋಡಲ್ಲಿ ಹೊಸಾ ಸರ್ಕಲ್ ಮಾಡಿದಾರಲ್ಲ, ಅಲ್ಲಿ ದೊಡ್ಡದೊಂದು ಮಾವಿನಕಾಯಿ ನಿಲ್ಲಿಸ್ಬೇಕು ಅಂತ ಮಂಡಿಯೋರೆಲ್ಲ ಸೇರಿ ಮಾತಾಡಿದೀವಿ. ಸಿಮೆಂಟ್‌ದು. ನಮ್ ಮೊಮ್ಮಕ್ಕಳ ಕಾಲಕ್ಕೂ ಗಟ್ಟಿಯಾಗಿರ್ಬೇಕು. ನೀವೇ ಮಾಡ್ಬೇಕು ನೋಡಿ."

ಮೊಮ್ಮಕ್ಕಳ ಕಾಲಕ್ಕೂ! ಕೂಡಲೇ ಹೂಂ ಎನ್ನಬೇಕೆನಿಸಿತು. ಆದರೂ ದೊಡ್ಡ ಕಲಾವಿದರು ತಕ್ಷಣ ಒಪ್ಪಬಾರದು ಎಂದು ಎಲ್ಲೋ ಕೇಳಿದ್ದೆನಾದ್ದರಿಂದ, "ಯೋಚನೆ ಮಾಡಿ ಹೇಳ್ತೀನಿ ಸಾಬ್ರೇ," ಎಂದು ಗಂಭೀರವಾಗಿ ನುಡಿದೆ. ಅವರು ಹೊಸಿಲು ದಾಟಿ ಚಪ್ಪಲಿ ಮೆಟ್ಟುವಷ್ಟರಲ್ಲಿ ನಾನು ಪೆನ್ಸಿಲ್ ಹುಡುಕುತ್ತಿದ್ದೆ.

ಸುದ್ದಿ ಹಬ್ಬಿದ ಕೂಡಲೇ ಊರು ಎರಡು ಪಕ್ಷವಾಯಿತು. ಬಾದಾಮಿ ಬೆಳೆಯುವವರು, ಹಣ್ಣುಗಳ ರಾಜನನ್ನು ಬಿಟ್ಟು ಬೇರೆ ಯಾವುದನ್ನು ನಿಲ್ಲಿಸುತ್ತೀರಿ ಎಂದರು. ತೋತಾಪುರಿ ಬೆಳೆಯುವವರು, ಊರಿಗೆ ಅನ್ನ ಹಾಕಿದ್ದು ಯಾರು ಎಂದು ಕೇಳಿದರು. ನಾನು ತೋತಾಪುರಿಯನ್ನೇ ಆರಿಸಿದೆ. ಬಾದಾಮಿ ಗುಂಡಗಿರುತ್ತದೆ, ಗುಂಡಗಿರುವುದನ್ನು ಯಾರು ಬೇಕಾದರೂ ಮಾಡಬಹುದು. ತೋತಾಪುರಿಯ ಬಾಗಿದ ಮೂತಿಯಲ್ಲಾದರೂ ಕಲೆ ಕಂಡೀತು ಎಂಬುದು ನನ್ನ ವಾದ. ಬಾದಾಮಿಯವರು ಸಿಟ್ಟಾಗಿ ನನಗೆ ನಮಸ್ಕಾರ ಹಾಕುವುದನ್ನು ನಿಲ್ಲಿಸಿದರು.

ನನಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆಯೇ ಇತ್ತು. ನಮ್ಮ ಜನ ಅದಕ್ಕೆ ಎಲೆಅಡಿಕೆ ಉಗಿದರೆ? ಪೋಸ್ಟರ್ ಅಂಟಿಸಿದರೆ? ಎಮ್ಮೆ ಕಟ್ಟಿದರೆ? ಆದ್ದರಿಂದ ಮಾವಿನಕಾಯಿಗಿಂತ ಮೊದಲು ಅದರ ಸುತ್ತಲಿನ ಕಬ್ಬಿಣದ ಗ್ರಿಲ್ಲಿನ ಚಿತ್ರ ಬರೆದೆ. ಈಟಿಯಂಥ ಮೊನೆಗಳು, ಮೇಲೊಂದು ಸುತ್ತು ಮುಳ್ಳುತಂತಿ, ದಪ್ಪ ಬೀಗ. ನಿಜ ಹೇಳಬೇಕೆಂದರೆ ಮಾವಿನಕಾಯಿಗಿಂತ ಗ್ರಿಲ್ಲೇ ಚೆನ್ನಾಗಿ ಬಂದಿತ್ತು.

ಅದೇ ಸಮಯಕ್ಕೆ ನನ್ನ ಬಾಮೈದ ನಾಗರಾಜ ಫೋನ್ ಮಾಡಿದ. ಅವನು ಮಲೇಷ್ಯಾದ ಕೂಚಿಂಗ್ ಎಂಬ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. "ಬಾವ, ಈ ಊರಲ್ಲಿ ಸರ್ಕಲ್‌ಗಳಲ್ಲಿ ದೊಡ್ಡ ದೊಡ್ಡ ಬೆಕ್ಕು ನಿಲ್ಲಿಸಿದಾರೆ. ಗೋಡೆ ತುಂಬ ಚಿತ್ರ ಬರ್ದಿದಾರೆ. ಒಂದ್ಸಲ ಬಂದು ನೋಡ್ಕೊಂಡು ಹೋಗಿ," ಎಂದ. ನಾನು ಅಧ್ಯಯನ ಪ್ರವಾಸಕ್ಕೆ ಹೊರಟಿದ್ದೇನೆ ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದೆ.

"ನನ್ ತಮ್ಮನ ಮನೆಗೆ ಹೋಗ್ತಿದೀವಿ ಅನ್ನೋಕೆ ಏನ್ರೀ ನಾಚ್ಕೆ ನಿಮ್ಗೆ?" ಎಂದಳು ನನ್ನ ಹೆಂಡತಿ ಪದ್ಮಾ.

ಬಿಳಿ ಬೆಕ್ಕಿನ ಬೀದಿ

ಕೂಚಿಂಗಿನಲ್ಲಿ ವಿಮಾನದಿಂದ ಇಳಿದಾಗ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗಾಯಿತು. ಕೋಲಾರದ ಬಿಸಿಲು ಸುಡುತ್ತದೆ ನಿಜ, ಆದರೆ ಒಣ ಬಿಸಿಲು, ನೆರಳಿಗೆ ಹೋದರೆ ಬಿಟ್ಟುಬಿಡುತ್ತದೆ. ಇಲ್ಲಿ ನೆರಳೂ ಬೆವರುತ್ತದೆ. ಅಧ್ಯಯನಕ್ಕೆಂದು ಹೊಲಿಸಿದ್ದ ನನ್ನ ಹೊಸ ಬಿಳಿ ಜುಬ್ಬ ಟ್ಯಾಕ್ಸಿ ಸಿಗುವಷ್ಟರಲ್ಲಿ ಮೈಗೆ ಅಂಟಿಕೊಂಡು, ಒಳಗಿನ ಬನಿಯನ್ನಿನ ತೂತುಗಳೆಲ್ಲ ಕಾಣುತ್ತಿದ್ದವು.

ಮಲಯ ಭಾಷೆಯಲ್ಲಿ ಬೆಕ್ಕಿಗೆ ಕೂಚಿಂಗ್ ಎನ್ನುತ್ತಾರಂತೆ. ಊರಿಗೆ ಆ ಹೆಸರು ಹೇಗೆ ಬಂತೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಅಂತೂ ಊರಿನವರು ಬೆಕ್ಕನ್ನು ಮನಃಪೂರ್ವಕವಾಗಿ ಒಪ್ಪಿಕೊಂಡಿದ್ದಾರೆ. ಮರುದಿನ ಬೆಳಗ್ಗೆ ನಾಗರಾಜ ನಮ್ಮನ್ನು ಚೀನೀ ಅಂಗಡಿಗಳ ಬೀದಿಯ ತುದಿಗೆ ಕರೆದೊಯ್ದ. ಅಲ್ಲಿ ಒಂದು ಭಾರೀ ಬಿಳಿ ಬೆಕ್ಕು ಕೈ ಎತ್ತಿಕೊಂಡು ನಿಂತಿತ್ತು. ಹಬ್ಬದ ದಿನಗಳಾದ್ದರಿಂದ ಅದಕ್ಕೆ ಕೆಂಪು ಅಂಗಿ ತೊಡಿಸಿದ್ದರು.

ನಾನು ಸ್ವಲ್ಪ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, ಹೆಬ್ಬೆರಳು ಚಾಚಿ ಅಳತೆ ನೋಡಿದೆ. "ಅಂಗರಚನೆ ಸರಿಯಿಲ್ಲ," ಎಂದು ತೀರ್ಪು ಕೊಟ್ಟೆ. ಕಾಲು ಮೊಟಕು, ತಲೆ ದೊಡ್ಡದು, ಹೈಸ್ಕೂಲಿನಲ್ಲಾಗಿದ್ದರೆ ಹತ್ತಕ್ಕೆ ನಾಲ್ಕು ಕೊಡುತ್ತಿದ್ದೆ.

ಪದ್ಮಾ ಅಷ್ಟರಲ್ಲಿ ಚಪ್ಪಲಿ ಬಿಟ್ಟು ಕೈ ಜೋಡಿಸಿ ನಿಂತಿದ್ದಳು. "ಪೂಜೆ ಯಾರ್ ಮಾಡ್ತಾರೋ ನಾಗ?" ಎಂದು ಕೇಳಿದಳು.

"ಪೂಜೆ ಗೀಜೆ ಇಲ್ಲಕ್ಕ. ಬರೀ ಬೆಕ್ಕು."

"ಬರೀ ಬೆಕ್ಕಿಗೆ ಹಬ್ಬಕ್ಕೆ ಬಟ್ಟೆ ಹೊಲಿಸ್ತಾರಾ? ಒಳ್ಳೆ ಜನ ಕಣೋ," ಎಂದು ಚಪ್ಪಲಿ ಮೆಟ್ಟಿಕೊಂಡಳು.

ನಾನು ಟೇಪು ಹಿಡಿದು ಪೀಠದ ಅಳತೆ ತೆಗೆಯಲು ಹೋದೆ. ಫೋಟೋ ತೆಗೆಸಿಕೊಳ್ಳುತ್ತಿದ್ದ ಒಂದು ಜೋಡಿ ನನ್ನನ್ನು ನೋಡಿ ನಕ್ಕು, ತಮ್ಮ ಫೋನನ್ನು ನನ್ನ ಕೈಗೇ ಕೊಟ್ಟರು. ತೆಗೆದುಕೊಟ್ಟೆ. ಅವರ ಹಿಂದೆ ನಿಂತಿದ್ದವರೂ ಕೊಟ್ಟರು. ಟೇಪು, ಜುಬ್ಬ, ಬಿಳಿ ಗಡ್ಡ ನೋಡಿ ನನ್ನನ್ನು ಬೆಕ್ಕಿನ ಉಸ್ತುವಾರಿಗೆ ನೇಮಿಸಿದ ನೌಕರ ಎಂದುಕೊಂಡರೋ ಏನೋ, ಮಧ್ಯಾಹ್ನದವರೆಗೂ ನಾನು ಮಲೇಷ್ಯಾದ ಅರ್ಧ ಸಂಸಾರಗಳ ಫೋಟೋ ತೆಗೆದೆ. ನನ್ನ ಅಧ್ಯಯನವಾಗಲಿ ಅಳತೆಯಾಗಲಿ ಒಂದೂ ಮುಗಿಯಲಿಲ್ಲ.

ಒಂದು ವಿಷಯ ಮಾತ್ರ ಗಮನಕ್ಕೆ ಬಂತು. ನಾನು ನೋಡಿದ ಬೆಕ್ಕುಗಳಲ್ಲಿ ಯಾವುದಕ್ಕೂ ಈಟಿಮೊನೆಯ ಗ್ರಿಲ್ಲಿರಲಿಲ್ಲ. ಇವರಿಗೆ ಎಮ್ಮೆಗಳ ಕಾಟ ಗೊತ್ತಿಲ್ಲ ಎಂದುಕೊಂಡೆ.

ನದಿ ದಂಡೆ

ಊರಿನ ನಡುವೆ ಅಗಲವಾದ ನದಿ. ನಮ್ಮ ಕಡೆಯ ಪಾಲಾರ್ ಹೊಳೆಯ ಮರಳಷ್ಟನ್ನೇ ಕಂಡ ನಮಗೆ ಅಷ್ಟು ನೀರು ನೋಡಿದರೆ ಯಾರೋ ನಲ್ಲಿ ನಿಲ್ಲಿಸಲು ಮರೆತು ಹೋಗಿದ್ದಾರೆ ಅನಿಸುತ್ತದೆ. ಮರದ ಮಾಡಿನ ಸಣ್ಣ ದೋಣಿಗಳಲ್ಲಿ ಜನ ಆ ದಡಕ್ಕೂ ಈ ದಡಕ್ಕೂ ಓಡಾಡುತ್ತಾರೆ. ನಾವೂ ಹತ್ತಿದೆವು. ನಾನು ನಿಂತುಕೊಂಡೇ ಚಿತ್ರ ಬರೆಯುತ್ತೇನೆಂದು ಹೊರಟು, ಮಾಡಿಗೆ ತಲೆ ತಗುಲಿಸಿಕೊಂಡು, ಮೀನಿನ ಬುಟ್ಟಿಯವರೊಬ್ಬರ ಮಡಿಲಲ್ಲಿ ಕೂತೆ. ಅವರು ಬಯ್ಯಲಿಲ್ಲ. ಊಟ ಆಯಿತಾ ಎಂದು ಕೇಳಿದರಂತೆ, ನಾಗರಾಜ ತಿಳಿಸಿದ. ಇಲ್ಲಿ ಗುರುತಿನವರು ಎದುರಾದಾಗ ಕೇಳುವ ಮೊದಲ ಮಾತು ಅದೇ. ನಮ್ಮ ಕಡೆಯ ಹಾಗೇ ಅಲ್ಲವೇ ಎಂದು ಪದ್ಮಾಗೆ ಬಲು ಸಂತೋಷವಾಯಿತು. ಆಮೇಲೆ ಅವಳು ಕಂಡಕಂಡವರಿಗೆಲ್ಲ ಕನ್ನಡದಲ್ಲೇ "ಊಟ ಆಯ್ತಾ?" ಎನ್ನತೊಡಗಿದಳು. ಅವರು ಅವರ ಭಾಷೆಯಲ್ಲಿ ಉತ್ತರ ಹೇಳುತ್ತಿದ್ದರು. ಯಾರಿಗೂ ಏನೂ ತೊಂದರೆಯಾಗಲಿಲ್ಲ.

ತೊಂದರೆ ನನ್ನಿಂದಲೇ. ಇಲ್ಲಿನವರು ಏನನ್ನಾದರೂ ತೋರಿಸಬೇಕಾದರೆ ಮುಷ್ಟಿ ಮಾಡಿ ಹೆಬ್ಬೆರಳು ಚಾಚುತ್ತಾರೆ. ತೋರುಬೆರಳು ಚಾಚುವುದು ಒರಟುತನ. ನನ್ನದು ಮೇಷ್ಟ್ರ ಬೆರಳು. ಮೂವತ್ತು ವರ್ಷ ಮಕ್ಕಳನ್ನು ತೋರಿಸಿ ತೋರಿಸಿ ಅದು ತಾನಾಗಿಯೇ ಎದ್ದು ನಿಲ್ಲುತ್ತದೆ. ಎರಡು ದಿನ ನಾನು ಆ ಊರಿನ ಗುಡಿ, ಅಂಗಡಿ, ಅಜ್ಜಿ, ಪೊಲೀಸು ಎಲ್ಲರತ್ತಲೂ ಬೆರಳು ನೆಟ್ಟಾದ ಮೇಲೆ ನಾಗರಾಜ ನನ್ನನ್ನು ಪಕ್ಕಕ್ಕೆ ಕರೆದು, "ಬಾವ, ಆ ಬೆರಳನ್ನ ಸ್ವಲ್ಪ ಜೋಬಲ್ಲಿ ಇಟ್ಕೊಳ್ಳಿ," ಎಂದ.

ಮಗುವಿನ ಗೋಡೆ

ಹಳೆಯ ಪೇಟೆಯ ಹಿಂದೆ ಒಂದು ಓಣಿ ಇದೆ. ನಾಗರಾಜ ಕಾಲೇಜಿಗೆ ಹೋಗಿದ್ದ. ನಾವಿಬ್ಬರೇ ಸುತ್ತುತ್ತಾ ಅಲ್ಲಿಗೆ ಬಂದೆವು. ಒಂದು ಹಳೇ ಅಂಗಡಿಯ ಪಕ್ಕದ ಗೋಡೆ ತುಂಬ ಒಂದೇ ಚಿತ್ರ. ಅಲ್ಯೂಮಿನಿಯಂ ಬೋಗುಣಿಯಲ್ಲಿ ಕೂತು ಸ್ನಾನ ಮಾಡುತ್ತಿರುವ ಮಗು. ನಮ್ಮಿಬ್ಬರಿಗಿಂತ ಎತ್ತರದ ಮಗು. ಗೋಡೆಯಲ್ಲಿ ನಿಜವಾದ ನಲ್ಲಿಯೊಂದಿತ್ತು. ಮಗು ಆ ನಲ್ಲಿಯನ್ನೇ ಹಿಡಿಯಲು ಕೈ ಚಾಚಿರುವಂತೆ ಬರೆದಿದ್ದರು. ಮೈಮೇಲಿನ ನೀರಿನ ಹನಿ ಒರೆಸಬೇಕು ಅನಿಸುತ್ತಿತ್ತು. ಅಂಗರಚನೆಯ ಬಗ್ಗೆ ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ. ಹೊಟ್ಟೆಯಲ್ಲಿ ಏನೋ ಉರಿದಂತಾಯಿತು. ಅದು ಅಸೂಯೆಯೇ, ಬೆಳಗ್ಗೆ ತಿಂದ ಖಾರದ ನೂಡಲ್ಸ್ ಅಲ್ಲ.

ಪದ್ಮಾ ಮಾತ್ರ ಕರಗಿಹೋದಳು. "ಅಯ್ಯೋ ನನ್ ಬಂಗಾರ, ಏನ್ ಚೆನ್ನಾಗಿದೀಯೇ ನೀನು!" ಎಂದು ಗೋಡೆಯ ಕೆನ್ನೆ ಸವರಿ, ತನ್ನ ಹಣೆಯ ಪಕ್ಕ ನೆಟಿಕೆ ಮುರಿದಳು. ಓಣಿಯಲ್ಲಿ ಹೋಗಿಬರುವವರೆಲ್ಲ ನಿಂತು ನೋಡುತ್ತಿದ್ದರು. ಅವಳಿಗೆ ಕಳವಳ ಶುರುವಾಯಿತು. "ಇಷ್ಟು ಜನದ ಕಣ್ಣು ಬೀಳ್ತಿದೆಯಲ್ರೀ, ಒಂದು ದೃಷ್ಟಿಬೊಟ್ಟೂ ಇಟ್ಟಿಲ್ವಲ್ಲ ಇದ್ರ ತಾಯಿ," ಎಂದು ಬ್ಯಾಗಿಗೆ ಕೈ ಹಾಕಿದಳು. ಅವಳ ಕಾಡಿಗೆ ಅಂಗಡಿಯದಲ್ಲ. ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲೇ ಮಾಡಿದ್ದು.

ನಾನು ತಡೆಯಬೇಕಿತ್ತು. ಕಲಾವಿದ, ಮೇಷ್ಟ್ರು, ಅಧ್ಯಯನ ಪ್ರವಾಸಿ, ಯಾವ ಲೆಕ್ಕದಲ್ಲಿ ನೋಡಿದರೂ ತಡೆಯಬೇಕಿತ್ತು. ಅವಳು ತುದಿಗಾಲಲ್ಲಿ ನಿಂತು ಮಗುವಿನ ಎಡಗೆನ್ನೆಗೆ ಒಂದು ಚುಕ್ಕಿ ಇಟ್ಟಾಗ ನನ್ನ ಬಾಯಿಂದ ಬಂದ ಮಾತು ಇದು: "ಅಷ್ಟು ದೊಡ್ಡ ಮುಖಕ್ಕೆ ಇಷ್ಟು ಚಿಕ್ಕದಾ? ಪ್ರಮಾಣ ಬೇಡ್ವಾ? ಕೊಡಿಲ್ಲಿ." ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, ಹೆಬ್ಬೆರಳಿಗೆ ಕಾಡಿಗೆ ಬಳಿದು, ನಾನೇ ಗುಂಡಗೆ ತಿದ್ದಿ ದೊಡ್ಡದು ಮಾಡಿದೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ, ಇನ್ನೂ ಒಂಚೂರು ಸೇರಿಸಿದೆ. ಎದುರಿನ ಚಹದಂಗಡಿಯ ಮುದುಕ ಲೋಟ ತೊಳೆಯುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದ. ನಾನು ಅವನಿಗೆ ಕೈ ಬೀಸಿದೆ.

ಮರುದಿನ, ಅದೇ ಗೋಡೆ

ಆ ಓಣಿಯನ್ನು ನಾಗರಾಜನಿಗೂ ತೋರಿಸೋಣವೆಂದು ಮಾರನೇ ಬೆಳಗ್ಗೆ ಅವನನ್ನು ಕರೆದುಕೊಂಡು ಹೋದೆವು. ರಾತ್ರಿ ಮಳೆ ಬಂದಿತ್ತು, ಬೆಳಗಾದರೆ ಸೆಕೆ. ಹರಳೆಣ್ಣೆ ಗೋಡೆಯ ಬಣ್ಣಕ್ಕೆ ಇಳಿದು, ಹಬ್ಬಿ, ಮಗುವಿನ ಕೆನ್ನೆಯಿಂದ ಗದ್ದದವರೆಗೂ ಅರ್ಧ ಗಡ್ಡ ಬೆಳೆದಿತ್ತು. ಗೋಡೆಯ ಕೆಳಗೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ಒರೆಸಿದಷ್ಟೂ ಗಡ್ಡ ಹರಡುತ್ತಿತ್ತು. ಚಹದಂಗಡಿಯ ಮುದುಕ ನಮ್ಮನ್ನು ಕಂಡ ಕೂಡಲೇ ಹೆಬ್ಬೆರಳು ಚಾಚಿ, ಬಹಳ ಮರ್ಯಾದೆಯಿಂದ ನಮ್ಮನ್ನು ತೋರಿಸಿಕೊಟ್ಟ.

ಅವಳ ಹೆಸರು ಲಿನ್. ಏಣಿ ಹತ್ತಿ ವಾರಗಟ್ಟಲೆ ಬರೆದು ಆ ಚಿತ್ರ ಮುಗಿಸಿ ಇನ್ನೂ ಕೆಲವೇ ದಿನಗಳಾಗಿದ್ದವು. ಅವಳ ಕಣ್ಣು ಕೆಂಪಾಗಿತ್ತು. ನಾನು ಪಕ್ಕದ ಅಂಗಡಿಯ ಚೀನೀ ಬೋರ್ಡನ್ನು, ಒಂದಕ್ಷರ ಬಾರದಿದ್ದರೂ, ಆಸಕ್ತಿಯಿಂದ ಓದತೊಡಗಿದೆ.

ಪದ್ಮಾ ಮಾತ್ರ ನೇರವಾಗಿ ಮುಂದೆ ಹೋದಳು. "ನಾನೇ ಕಣಮ್ಮ ಇಟ್ಟಿದ್ದು. ಕೂಸು ಅಷ್ಟು ಲಕ್ಷಣವಾಗಿದೆ, ದೃಷ್ಟಿ ಆಗ್ಬಾರ್ದು ಅಂತ ಇಟ್ಟೆ. ಹಾಳಾಗ್ಲಿ ಅಂತಲ್ಲ. ಚಿಕ್ಕದಾಗೇ ಇಟ್ಟಿದ್ದೆ, ಇವ್ರು ದೊಡ್ಡದು ಮಾಡಿದ್ರು." ನಾಗರಾಜ ಇದನ್ನು ಇಂಗ್ಲಿಷಿಗೆ ತಿರುಗಿಸಿದ. ಕೊನೆಯ ವಾಕ್ಯವನ್ನೂ ಬಿಡಲಿಲ್ಲ, ಪಾಪಿ.

ಲಿನ್ ಒದ್ದೆ ಬಟ್ಟೆಯನ್ನು ಹಿಂಡಿದಳು. "ಗೋಡೆ ಮೇಲೆ ಹೆಸರು ಗೀಚ್ತಾರೆ, ಜಾಹೀರಾತು ಅಂಟಿಸ್ತಾರೆ ಅಂತ ಗೊತ್ತಿತ್ತು," ಎಂದಳು. "ಪ್ರೀತಿಯಿಂದ ಹಾಳು ಮಾಡ್ತಾರೆ ಅಂತ ಗೊತ್ತಿರಲಿಲ್ಲ. ಯಾರನ್ನ ಬಯ್ಯಲಿ ನಾನು?"

ಆಗ ನನ್ನೊಳಗಿನ ಕಲಾವಿದ ಎದ್ದುನಿಂತ. ಅವನು ಯಾವಾಗಲೂ ತಪ್ಪು ಹೊತ್ತಿಗೇ ಏಳುತ್ತಾನೆ. "ನಾನೂ ಚಿತ್ರಗಾರನೇ. ನಾನೇ ಸರಿ ಮಾಡಿಕೊಡ್ತೀನಿ," ಎಂದು ನನ್ನ ಹರುಕು ಇಂಗ್ಲಿಷಿನಲ್ಲೇ ಹೇಳಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬಣ್ಣದ ಡಬ್ಬಗಳನ್ನು ಮುಂದಿಟ್ಟಳು.

ಎಣ್ಣೆಯನ್ನು ಸೋಪಿನಿಂದ ತೆಗೆದ ಮೇಲೆ ಕೆನ್ನೆಯ ಬಣ್ಣ ಕಲಸಿದೆ. ಹಚ್ಚಿದಾಗ ತಾಳೆಯಾಯಿತು. ಗೆದ್ದೆ ಎಂದುಕೊಂಡೆ. ಒಣಗುತ್ತಾ ಅದು ಕಪ್ಪಾಗಿ, ಮಗುವಿಗೆ ಯಾರೋ ಹೊಡೆದಂತಾಯಿತು. ತಿಳಿ ಮಾಡಿ ಮೇಲೆ ಹಚ್ಚಿದೆ. ಅದು ಒಣಗಿ ತೊನ್ನಿನಂತಾಯಿತು. ಅಂಚು ಮರೆಸಲು ಸುತ್ತಲೂ ಇನ್ನಷ್ಟು ಹಚ್ಚಿದೆ. ಕಾಸಗಲದ ಬೊಟ್ಟಿನ ಜಾಗದಲ್ಲಿ ದೋಸೆಯಗಲದ ಕಲೆಯಾಯಿತು. ಸೀಮೆಸುಣ್ಣ ಮತ್ತು ಜೇಡಿಮಣ್ಣಿನಲ್ಲಿ ಆಯಸ್ಸು ಕಳೆದವನಿಗೆ ಬಿಸಿಲಲ್ಲಿರುವ ಗೋಡೆಯ ಬಣ್ಣ ಹೇಗೆ ಗೊತ್ತಾಗಬೇಕು? ಮುದುಕ ಅಂಗಡಿಯಿಂದ ಕುರ್ಚಿಯನ್ನೇ ತಂದು ಹಾಕಿಕೊಂಡು ಕೂತಿದ್ದ.

ಕೊನೆಗೆ ಲಿನ್ ನನ್ನ ಕೈಯಿಂದ ಕುಂಚ ಕಿತ್ತುಕೊಂಡಳು. ನಗುತ್ತಿದ್ದಳು, ಪುಣ್ಯಕ್ಕೆ. "ಹಚ್ಚಿದ ಮೇಲೆ ಒಣಗೋವರೆಗೂ ಕಾಯಬೇಕು. ಒಣಗಿದ ಬಣ್ಣವೇ ಬಣ್ಣ," ಎಂದಳು. ನಾನು ಮೊದಲೇ ಗೊತ್ತಿದ್ದವನಂತೆ ತಲೆಯಾಡಿಸಿದೆ. ಅವಳು ತಿದ್ದುತ್ತಾ, ನೀವು ಏನು ಮಾಡುತ್ತೀರಿ ಎಂದು ಕೇಳಿದಳು. ಜುಬ್ಬದ ಜೋಬಿನಿಂದ ನನ್ನ ಮಾವಿನಕಾಯಿಯ ನಕ್ಷೆ ತೆಗೆದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಈ ಗೇಟು ಚೆನ್ನಾಗಿದೆ. ಒಳಗೆ ಏನಿಡ್ತೀರಿ?" ಎಂದಳು.

ನಾನು ಎಮ್ಮೆ, ಎಲೆಅಡಿಕೆ, ಪೋಸ್ಟರುಗಳ ಬಗ್ಗೆ ವಿವರಿಸುತ್ತಾ ಹೋದೆ. ಜನ ಮುಟ್ಟಬಾರದು, ಅದಕ್ಕೇ ಗ್ರಿಲ್ಲು ಎಂದೆ. ನಾಗರಾಜ ಅದನ್ನು ಪದ್ಮಾಗೂ ಹೇಳಿದ.

"ಯಾರೂ ಮುಟ್ಬಾರ್ದು ಅಂದ್ರೆ ನಮ್ಮನೆ ಅಟ್ಟದ ಮೇಲೆ ಇಟ್ಕೊಳ್ಳಿ," ಎಂದಳು ಪದ್ಮಾ. "ಈ ಕೂಸು ಕೈಗೆ ಸಿಗ್ತು, ಅದ್ಕೇ ನಮ್ಮನೇದು ಅನ್ನಿಸ್ತು ನಂಗೆ. ಬೀಗ ಹಾಕಿದ್ದಿದ್ರೆ ತಿರುಗೂ ನೋಡ್ತಿರ್ಲಿಲ್ಲ. ನಿಮ್ ಮಾವಿನಕಾಯಿ ಜೈಲಲ್ಲಿ ಕೂತಿದ್ರೆ ಯಾರ್ರೀ ಬಂದು ಮಾತಾಡಿಸ್ತಾರೆ?"

ವಾಪಸ್ಸಿನ ವಿಮಾನದಲ್ಲಿ ಕೂತು ಆ ನಕ್ಷೆಯಿಂದ ಗ್ರಿಲ್ಲನ್ನು ಅಳಿಸಿದೆ. ಅಷ್ಟು ಚೆನ್ನಾಗಿ ಬಂದಿದ್ದ ಗ್ರಿಲ್ಲು.

ಊರು

ಗ್ರಿಲ್ ಬೇಡ ಎಂದಾಗ ಖಾದರ್ ಸಾಬರು ಒಂದೇ ಮಾತು ಕೇಳಿದರು. "ಎಮ್ಮೆ ಕಟ್ಟಿದ್ರೆ?"

"ಕಟ್ಕೊಳ್ಳಲಿ ಬಿಡಿ ಸಾಬ್ರೇ."

"ಆಯ್ತು. ಎಮ್ಮೆಗೂ ನೆರಳು ಬೇಕಲ್ಲ," ಎಂದು ಒಪ್ಪಿಕೊಂಡರು.

ಕಂಬಿ ಕಟ್ಟಿಸಿ, ಜಾಲರಿ ಸುತ್ತಿಸಿ, ಸಿಮೆಂಟ್ ಮೆತ್ತಿ ತಿಂಗಳುಗಟ್ಟಲೆ ದುಡಿದೆವು. ಆಕಾರ ನಿಜಕ್ಕೂ ಚೆನ್ನಾಗಿ ಬಂತು, ಇದನ್ನು ನಾನೇ ಹೇಳಬೇಕಾಗಿದೆ, ಬೇರೆ ಯಾರೂ ಹೇಳಲಿಲ್ಲ. ಕೊನೆಗೆ ಬಣ್ಣ. ಹಸಿರಿನ ಮೇಲೆ, ಬಲಿತ ತೋತಾಪುರಿಯ ಹೆಗಲಿಗೆ ಏರುವ ಆ ಕೆಂಪು ಛಾಯೆ ಇರಲೇಬೇಕೆಂದು ನಾನು ಹಟ ಹಿಡಿದೆ. ಖಾದರ್ ಸಾಬರು, "ಬರೀ ಹಸಿರು ಸಾಕಲ್ವಾ ಮೇಷ್ಟ್ರೇ," ಎಂದರು. ವಿದೇಶದಲ್ಲಿ ಅಧ್ಯಯನ ಮಾಡಿ ಬಂದವನು ನಾನು, ಕೇಳುತ್ತೇನೆಯೇ? ಅಟ್ಟಣಿಗೆ ಹತ್ತಿ, ಕೆಂಪಿಗೆ ಚೂರು ನೀಲಿ ಬೆರೆಸಿ, ಹೆಗಲಿನಿಂದ ಮೂತಿಯವರೆಗೂ ಹಚ್ಚಿದೆ. ಹಸಿ ಇದ್ದಾಗ ಸೊಗಸಾಗಿತ್ತು. ಒಣಗುವವರೆಗೆ ಕಾಯಲಿಲ್ಲ, ಅವತ್ತೇ ಅಟ್ಟಣಿಗೆ ಬಿಚ್ಚಿಸಿದೆ.

ಎರಡು ದಿನದ ಬಿಸಿಲಿಗೆ ಆ ಕೆಂಪು ಒಣಗಿ ಗಾಢವಾಗಿ, ಇಡೀ ಕಾಯಿ ಹೊಳೆಯುವ ನೇರಳೆ ಬಣ್ಣಕ್ಕೆ ತಿರುಗಿತು. ಮೇಲೆ ಹಸಿರು ತೊಟ್ಟು, ಎರಡು ಎಲೆ. ಬಗ್ಗಿದ ಮೂತಿ. ಸರ್ಕಲ್ಲಿನ ನಡುವೆ ಸಾಕ್ಷಾತ್ ಬದನೆಕಾಯಿ ನಿಂತಿತ್ತು.

ಊರು ಒಂದು ವಾರ ನಕ್ಕಿತು. ಒಂದು ಲಾಭವಾಯಿತು: ಬಾದಾಮಿಯವರು ಮತ್ತೆ ನಮಸ್ಕಾರ ಹಾಕತೊಡಗಿದರು, ಅದೂ ದೂರದಿಂದಲೇ, ಹಲ್ಲು ಕಾಣುವ ಹಾಗೆ. ಮಾವಿನ ಕಾಲ ಮುಗಿದ ಮೇಲೆ ಬೇರೆ ಬಣ್ಣ ಹೊಡೆಸಿಕೊಡುತ್ತೇನೆಂದು ಖಾದರ್ ಸಾಬರಿಗೆ ಹೇಳಿಕಳಿಸಿ, ನಾಚಿಕೆಯಿಂದ ಆ ದಾರಿಯಲ್ಲಿ ಓಡಾಡುವುದನ್ನೇ ಬಿಟ್ಟೆ. ಕೊನೆಗೂ ಊರಲ್ಲಿ ಉಳಿಯುವಂಥದ್ದೊಂದನ್ನು ಮಾಡಿದೆ, ಅದು ಉಳಿಯದಿದ್ದರೇ ಚೆನ್ನಾಗಿತ್ತು ಎಂದು ಪದ್ಮಾಳ ಮುಂದೆ ಅತ್ತೆ. ನಿಜವಾಗಿಯೂ ಅತ್ತೆ.

ಮಾವಿನ ಕಾಲ ಮುಗಿದ ಮೇಲೆ ಒಂದು ಸಾಯಂಕಾಲ, ಮುಳಬಾಗಿಲಿಗೆ ಹೋದವನು ಪ್ರೈವೇಟ್ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಬಸ್ಸು ತುಂಬಿತ್ತು. ಊರು ಹತ್ತಿರವಾದಾಗ ಕಂಡಕ್ಟರು ಬಾಗಿಲ ಬಳಿ ನಿಂತು ಕೂಗಿದ. "ಯಾರ್ರೀ ಬದನೆಕಾಯಿ? ಬದನೆಕಾಯಿ ಇಳೀರಿ!" ಆಂಧ್ರದ ಕಡೆಯವರಿಗೆಂದು ತೆಲುಗಿನಲ್ಲೂ ಕೂಗಿದ. "ವಂಕಾಯ, ವಂಕಾಯ, ದಿಗಂಡಿ!"

ನಾನು ತಲೆ ತಗ್ಗಿಸಿ, ನಗು ಏಳುವುದನ್ನು ಕಾದೆ. ಯಾರೂ ನಗಲಿಲ್ಲ. ಹೂವಿನ ಬುಟ್ಟಿಯ ಹೆಂಗಸು ಪಕ್ಕದಲ್ಲಿ ತೂಕಡಿಸುತ್ತಿದ್ದವಳನ್ನು ಅಲ್ಲಾಡಿಸಿ, "ಏಳೇ, ಬದನೆಕಾಯಿ ಬಂತು," ಎಂದಳು. ಯಾರೋ ಫೋನಿನಲ್ಲಿ, "ಬದನೆಕಾಯಿ ಹತ್ರ ನಿಂತಿರು, ಬಂದೆ," ಎನ್ನುತ್ತಿದ್ದರು. ಅವರ್ಯಾರೂ ನನ್ನನ್ನು ಗೇಲಿ ಮಾಡುತ್ತಿರಲಿಲ್ಲ. ಮನೆಗೆ ಹೋಗುತ್ತಿದ್ದರು.

ನಾನೂ ಎದ್ದೆ.

"ತಾತಾ, ನಿಮ್ ಟಿಕೆಟ್ ಬಸ್‌ಸ್ಟ್ಯಾಂಡಿಗಲ್ವಾ?" ಎಂದ ಕಂಡಕ್ಟರು.

"ಇಲ್ಲಪ್ಪ," ಎಂದೆ. "ಬದನೆಕಾಯಿ ಹತ್ರಾನೇ ಇಳೀತೀನಿ."